ಮಡಿಕೆಯಲ್ಲಿ ಸವೆದ ಕಾಲುವೆ

ಅಕ್ಕನ ಊರಿನವರು ನನ್ನನ್ನು ಹೇಳಿ ಕಳಿಸಿ ಕರೆಸಿಕೊಂಡದ್ದು ನನ್ನ ಮೇಲಿನ ಪ್ರೀತಿಗೇನಲ್ಲ. ನನ್ನ ಟ್ರಂಕಿನಲ್ಲಿ ಆ ಸೀಮೆಯ ಹಳೇ ನಕ್ಷೆಯೊಂದಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಹೇಳಿದವನು ನಾನೇ. ಅಲ್ಲಿನ ಒಂದು ನಾಮಕರಣದ ಊಟಕ್ಕೆ ಕೂತಾಗ, ಪಾಯಸ ಎರಡನೇ ಸಲ ಬರುವುದರೊಳಗೆ, ‘ನಿಮ್ಮೂರಿನ ಬಾವಿ, ಈಚಲ ಮರ ಎಲ್ಲಾ ನನ್ನ ಹತ್ತಿರ ಭದ್ರವಾಗಿವೆ’ ಎಂದು ಕೊಚ್ಚಿಕೊಂಡಿದ್ದೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ಹೆಂಡತಿ ಮದುವೆಯಾದ ವಾರಕ್ಕೇ ಹೇಳಿದ್ದಳು.

ನಾನು ಚಿನ್ನದ ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದವನು. ಸರ್ವೆಯವರು ಗಣಿಯೊಳಗೆ ಇಳಿದು ಅಳೆದು ತಂದದ್ದನ್ನು ತೆಳುವಾದ ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಇಳಿಸುವುದು ನನ್ನ ಕೆಲಸ. ಗಣಿ ಮುಚ್ಚಿತು, ನಾನು ಉಳಿದೆ. ಈಗಲೂ ಕೋರಮಂಡಲ್‌ನ ಅದೇ ಎರಡು ಕೋಣೆಯ ಲೈನ್ ಮನೆಯಲ್ಲಿದ್ದೇನೆ. ಬೆಳಿಗ್ಗೆ ನಲ್ಲಿಯ ಹತ್ತಿರ ತಮಿಳಿನಲ್ಲಿ ಜಗಳ, ಸಂಜೆ ತರಕಾರಿಯವಳ ಜೊತೆ ತೆಲುಗಿನಲ್ಲಿ ಚೌಕಾಸಿ, ಮನೆಯೊಳಗೆ ಕನ್ನಡ.

ಆ ನಕ್ಷೆ ಕೊಟ್ಟವರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್. ಎಲ್ಲೋ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದರಂತೆ. ನಿವೃತ್ತರಾದ ದಿನ ಅದನ್ನು ನನ್ನ ಕೈಗಿಟ್ಟು, ‘ಇಷ್ಟು ವರ್ಷ ಭೂಮಿ ಕೆಳಗಿನದ್ದೇ ಬರೆದೆ. ಮೇಲೆ ಏನೈತೆ ಅಂತಲೂ ಒಂದ್ಸಾರಿ ನೋಡಯ್ಯಾ’ ಅಂದರು. ಹಿಂದೆ ಬಟ್ಟೆ ಅಂಟಿಸಿ ಮಡಚಿಟ್ಟಿದ್ದ ಹಾಳೆ. ಮನೆಗೆ ತಂದು ಮಂಚದ ಮೇಲೆ ಹರವಿದೆ. ಅಬ್ಬಾ! ನಾನು ಅವತ್ತು ಕಾಫಿ ಕುಡಿಯುವುದನ್ನೂ ಮರೆತೆ.

ಹಾಳೆಯ ತುಂಬಾ ಕೆರೆಗಳು. ಬಂಗಾರಪೇಟೆಯ ಸುತ್ತ ಬೆರಳಿಟ್ಟಲ್ಲೆಲ್ಲ ನೀಲಿ. ಪ್ರತಿ ಕೆರೆಗೂ ಏರಿ, ಏರಿಯ ಒಂದು ತುದಿಗೆ ನೀರು ಹೆಚ್ಚಾದಾಗ ಹೊರಗೆ ಹರಿಯುವ ಕೋಡಿ, ಕೋಡಿಯಿಂದ ಹೊರಟು ಕೆಳಗಿನ ಕೆರೆಗೆ ಹೋಗುವ ಕೂದಲೆಳೆಯಂಥ ನೀಲಿ ಗೆರೆ. ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ಟನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸಿದ ಹಾಗೆ ಒಂದು ಕೆರೆ ಇನ್ನೊಂದಕ್ಕೆ ನೀರು ದಾಟಿಸುತ್ತಿತ್ತು. ನಾನು ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ಓಡಿದ ಜಾತಿ. ನಮ್ಮದು ಒಣ ಸೀಮೆ, ನೀರೆಂಬುದು ನಮ್ಮ ಹಣೆಯಲ್ಲೇ ಬರೆದಿಲ್ಲ ಎಂದು ನಂಬಿ ಬದುಕಿದವನು. ಇಷ್ಟು ನೀರು ಇಲ್ಲೇ, ನನ್ನ ಕಾಲಡಿಯಲ್ಲೇ ಇತ್ತೇ ಎಂದು ಮೈ ಜುಮ್ಮೆಂದಿತು.

ಇನ್ನೊಂದು ಯೋಚನೆ ಬಂದು ನಾನು ಇನ್ನೂ ಸಣ್ಣವನಾದೆ. ಈ ನಕ್ಷೆ ಬರೆದವರು ಸರಪಳಿ ಹಿಡಿದು, ಬಿಸಿಲಲ್ಲಿ ಒಂದೊಂದು ದಿಣ್ಣೆ ಹತ್ತಿ ಇಳಿದು ಅಳೆದಿದ್ದಾರೆ, ಸರಿ. ಆದರೆ ಈ ಕೆರೆಗಳನ್ನು ಕಟ್ಟಿದವರ ಹತ್ತಿರ ಏನಿತ್ತು? ಕಾಗದವಿಲ್ಲ, ದುರ್ಬೀನಿಲ್ಲ. ಬರೀ ಕಣ್ಣಳತೆಯಲ್ಲಿ, ನೀರು ಎತ್ತ ವಾಲುತ್ತದೆ ಎಂದು ನೋಡಿ, ಗುದ್ದಲಿ ಹಿಡಿದು ಊರಿಂದೂರಿಗೆ ಇಂಥ ಹೆಣಿಗೆ ಹಾಕಿದ್ದಾರೆ. ನಾನು ಸ್ಕೇಲು ಜಾರಿದರೆ ಬ್ಲೇಡಿನಲ್ಲಿ ಕೆರೆದು ಮತ್ತೆ ಗೆರೆ ಹಾಕುತ್ತಿದ್ದವನು. ಅವರಿಗೆ ಕೆರೆಯಲು ಬ್ಲೇಡೂ ಇರಲಿಲ್ಲ.

ಅಕ್ಕನ ಊರಿನ ಕೆರೆಯೂ ಆ ಹಾಳೆಯಲ್ಲಿತ್ತು, ಉಗುರಿನಷ್ಟು. ಅಕ್ಕನನ್ನು ಕೊಟ್ಟದ್ದು ಆ ಊರಿನ ನೀರುಗಂಟಿಯ ಮನೆಗೆ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ತೂಬು ತೆಗೆದು ಮುಚ್ಚುವುದು, ಮೇಲಿನ ಕೆರೆಯಿಂದ ಬರುವ ಕಾಲುವೆಯನ್ನು ಕಾಯುವುದು, ಯಾರೂ ಅದನ್ನು ಒತ್ತದಂತೆ, ತಿರುಗಿಸದಂತೆ ನೋಡಿಕೊಳ್ಳುವುದು ಆ ಮನೆಯ ಹಕ್ಕು. ಸುಗ್ಗಿಯಲ್ಲಿ ಮನೆಮನೆಯವರೂ ಅವರಿಗೆ ಭತ್ತ ಅಳೆದು ಕೊಡುತ್ತಿದ್ದರು. ಆಮೇಲೆ ಮಳೆ ಕೈಕೊಟ್ಟಿತು, ಕೆರೆಯಲ್ಲಿ ಜಾಲಿ ಬೆಳೆಯಿತು, ಹಕ್ಕು ಬರೀ ಹೆಸರಿಗೆ ಉಳಿಯಿತು. ಭಾವನೂ ಹೋದರು. ಅಕ್ಕನಿಗೆ ಉಳಿದದ್ದು ಎರಡು ಸೀಮೆಹಸು, ಡೈರಿಗೆ ಹಾಕುವ ಹಾಲು, ಕೆರೆಯ ಮೇಲ್ಭಾಗದಲ್ಲಿ ಒಂದು ತುಂಡು ರಾಗಿ ಹೊಲ. ನಾನು ಹೋದಾಗಲೆಲ್ಲ ಒಂದೇ ಮಾತು, ‘ಸಾಯೋದ್ರೊಳಗೆ ಒಂದ್ಸಲ ಕೆರೆ ತುಂಬಿದ್ದು ನೋಡ್ಬೇಕು ಕಣ್ಲಾ.’

ಆ ವರ್ಷ ಹಸ್ತ, ಚಿತ್ತೆ ಮಳೆ ಎರಡೂ ಸುರಿದವು. ನಮ್ಮ ಲೈನ್ ಮನೆಯ ಶೀಟಿನ ಮೇಲೆ ದಿನವೆಲ್ಲ ತಮಟೆ. ಅಕ್ಕನ ಊರಿನ ಮೇಲಿನ ದೊಡ್ಡ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿಯ ಕಲ್ಲಿನ ಬುಡ ಮುಟ್ಟಿತು. ಆದರೆ ಅಲ್ಲಿಂದ ಇವರ ಕೆರೆಗೆ ಬರುವ ಕಾಲುವೆ ಎಲ್ಲಿ? ಅರ್ಧದಷ್ಟು ಕಾಣುತ್ತಿತ್ತು, ಅರ್ಧ ಮಾಯ. ನೀಲಗಿರಿ ನೆಟ್ಟಿದ್ದರು, ನೆಲ ಸಮ ಮಾಡಿದ್ದರು. ಕಾಲುವೆ ಬಿಡಿಸದೆ ಕೋಡಿ ಹರಿದರೆ ನೀರೆಲ್ಲ ರಸ್ತೆ ಪಕ್ಕದ ಮೋರಿ ಹಿಡಿದು ಆಚೆ ಸೀಮೆಗೆ ಹೋಗುತ್ತದೆ. ಊರವರು ಒಂದು ದಿನದ ಮಟ್ಟಿಗೆ ಜೆಸಿಬಿ ಗೊತ್ತು ಮಾಡಿ, ನನಗೆ ಹೇಳಿ ಕಳಿಸಿದರು.

ನಕ್ಷೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಂಡರ್ಸನ್‌ಪೇಟೆಯ ಜೆಸಿಬಿ ಡ್ರೈವರನ ಪಕ್ಕದಲ್ಲೇ ಕೂತು ಹೋದೆ. ಊರ ಮುಂದೆ ಜನ ಸೇರಿದ್ದರು. ನೀಲಗಿರಿ ತೋಪಿನ ಅಂಚಿನಲ್ಲಿ ಒಂದು ಚಪ್ಪಡಿಯ ಮೇಲೆ ಹಾಳೆ ಹರವಿದೆ. ಎಲ್ಲರೂ ಬಗ್ಗಿದರು. ಒಬ್ಬ ಹುಡುಗ ತನ್ನ ಫೋನಿನ ಮ್ಯಾಪು ತೆಗೆದು ಪಕ್ಕಕ್ಕಿಟ್ಟ. ಅದರಲ್ಲಿ ಬರೀ ಹಸಿರು, ಬೂದಿ. ‘ನಮ್ದು ಎಷ್ಟು ಚಂದ ಐತೆ ನೋಡ್ಲಾ’ ಎಂದು ಯಾರೋ ಹೇಳಿದ್ದು ಕೇಳಿ ನನಗೆ ಎದೆ ಉಬ್ಬಿತು.

ಉಬ್ಬಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ನೀಲಿ ಗೆರೆ ಮೇಲಿನ ಕೆರೆಯ ಕೋಡಿಯಿಂದ ಹೊರಟು, ನಡುವಿನ ಬಂಡೆ ದಿಣ್ಣೆಯ ತನಕ ಬಂದು, ಅಲ್ಲಿ ನಿಂತುಬಿಟ್ಟಿತ್ತು. ಹಾಳೆಯ ಮಡಿಕೆ ಸರಿಯಾಗಿ ಅಲ್ಲೇ ಬಿದ್ದು, ಕಾಗದ ಸವೆದು, ಹಿಂದಿನ ಬಿಳಿ ಬಟ್ಟೆ ಕಾಣುತ್ತಿತ್ತು. ಮಡಿಕೆಯ ಈಚೆ, ಕೆರೆಯ ಬಾಯಲ್ಲಿ, ಗೆರೆ ಮತ್ತೆ ಶುರುವಾಗಿತ್ತು. ದಿಣ್ಣೆಯನ್ನು ಕಾಲುವೆ ಪಡುವಲಿಂದ ಬಳಸಿತ್ತೋ ಮೂಡಲಿಂದಲೋ, ಹಾಳೆ ಹೇಳುತ್ತಿರಲಿಲ್ಲ. ಊರಿನ ಇಬ್ಬರು ಮುದುಕರಲ್ಲಿ ಒಬ್ಬರು ಪಡುವಲು ಅಂದರು, ಇನ್ನೊಬ್ಬರು ಮೂಡಲು ಅಂದರು, ಇಬ್ಬರೂ ಆಣೆ ಇಟ್ಟರು. ಕಾಲುವೆಯುದ್ದಕ್ಕೂ ದಿನಾ ನಡೆಯುತ್ತಿದ್ದದ್ದು ನೀರುಗಂಟಿಯ ಮನೆಯವರು ಮಾತ್ರ. ಎಲ್ಲರೂ ಅಕ್ಕನ ಕಡೆ ತಿರುಗಿದರು.

‘ನಂಗೇನ್ ಗೊತ್ತು? ಎಲ್ಲಾ ಮುಚ್ಚೋಗೈತೆ. ಓದಿರೋನು ಅವ್ನೆ, ಅವ್ನೇ ಏಳ್ಲಿ’ ಅಂದಳು ಅಕ್ಕ.

ಓದಿರೋನು! ಆ ಒಂದು ಮಾತಿಗೆ ನಾನು ಕರಗಿಹೋದೆ. ಕನ್ನಡಕ ಏರಿಸಿ ದಿಣ್ಣೆಯ ಎರಡೂ ಬದಿಯ ಮಟ್ಟದ ಅಂಕಿ ಓದಿದೆ. ಪಡುವಲಲ್ಲಿ ದೊಡ್ಡ ಅಂಕಿ, ಮೂಡಲಲ್ಲಿ ಸಣ್ಣ ಅಂಕಿ. ಕಣ್ಣಿಗೆ ಎರಡೂ ಕಡೆ ನೆಲ ಒಂದೇ ಸಮ, ರೊಟ್ಟಿ ತಟ್ಟಿದ ಹಾಗೆ. ಆದರೆ ಅಂಕಿ ಸುಳ್ಳು ಹೇಳುವುದಿಲ್ಲವಲ್ಲ. ‘ಪಡುವಲ ಕಡೆ ತಗ್ಗು. ನೀರು ಅಲ್ಲೇ ಹೋಗ್ಬೇಕು’ ಎಂದು ಜಡ್ಜು ತೀರ್ಪು ಕೊಟ್ಟ ಹಾಗೆ ಹೇಳಿದೆ. ಜೆಸಿಬಿ ಗುರುಗುಟ್ಟಿ ಪಡುವಲಿಗೆ ತಿರುಗಿತು. ಅಕ್ಕ ಹಸುವಿಗೆ ಹುಲ್ಲು ತರಲು ಹೋದಳು.

ಮಧ್ಯಾಹ್ನದ ತನಕ ಅಗೆಸಿದೆ. ಒಂದು ಕಲ್ಲು ಸಿಗಲಿಲ್ಲ, ಹಳೇ ಕಾಲುವೆಯ ಒಂದು ಗುರುತು ಸಿಗಲಿಲ್ಲ, ಬರೀ ಗಟ್ಟಿ ಕೆಮ್ಮಣ್ಣು. ಕೋಡಿಯ ಹತ್ತಿರ ಕಾವಲಿಗೆ ನಿಂತಿದ್ದವನು ಬೈಕಿನಲ್ಲಿ ಬಂದು, ‘ಇನ್ನೊಂದ್ ಗೇಣು ಅಷ್ಟೇ ಮಾವ, ಇನ್ನೊಂದು ಮಳೆ ಬಿದ್ರೆ ಕೋಡಿ ಅರ್ದೋಯ್ತದೆ’ ಅಂದ. ದಕ್ಷಿಣದ ಕಡೆ ಮೋಡ ಕಪ್ಪಾಗುತ್ತಿತ್ತು. ಆದರೂ ನಾನು ‘ಇನ್ನೇನು ಸಿಗುತ್ತೆ, ಅಗೀರಿ’ ಎನ್ನುತ್ತಿದ್ದೆ.

ಅಷ್ಟರಲ್ಲಿ ಅಕ್ಕ ಎಲ್ಲರಿಗೂ ಮುದ್ದೆ, ಹುರುಳಿ ಸಾರು ಹೊತ್ತು ಬಂದಳು. ಸೊಂಟದಲ್ಲಿ ಕುಡಿಯುವ ನೀರಿನ ಬಿಂದಿಗೆ. ಬುಟ್ಟಿ ಇಳಿಸಿ, ನಾವು ಅಗೆದಿದ್ದನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಕಾಲುವೆಗೆ ಇಳಿದು, ನಡು ಮಧ್ಯದಲ್ಲಿ ಬಿಂದಿಗೆಯ ನೀರು ಅಷ್ಟನ್ನೂ ಸುರಿದುಬಿಟ್ಟಳು.

‘ಅಯ್ಯೋ, ಕುಡಿಯೋ ನೀರಲ್ವೇ ಅಕ್ಕಾ!’ ಎಂದು ಕೂಗಿದೆ.

ನೀರು ಒಂದು ಗಳಿಗೆ ಸುಮ್ಮನೆ ನಿಂತಿತು. ಆಮೇಲೆ ನಿಧಾನಕ್ಕೆ, ನಮ್ಮ ಕೆರೆಗೆ ಬೆನ್ನು ಮಾಡಿ, ನಾನು ನಿಂತಿದ್ದ ಕಡೆಗೆ ಬಂತು. ನನ್ನ ಚಪ್ಪಲಿ ನೆನೆಯಿತು.

‘ನೀರು ನಿನ್ನಂಗೆ ಓದಿಲ್ಲ ಕಣ್ಲಾ. ಇಂದಕ್ ಬತ್ತಾ ಐತೆ ನೋಡು’ ಅಂದಳು ಅಕ್ಕ.

ಹಾಳೆಯನ್ನು ಮತ್ತೆ ಬಿಡಿಸಿದೆ. ಅದೇ ಅಂಕಿ, ಅದೇ ಗೆರೆ. ಆಗ ಹೊಳೆಯಿತು. ಗಣಿಯಲ್ಲಿ ಎಲ್ಲವನ್ನೂ ಬಾಯಿಂದ ಕೆಳಕ್ಕೆ ಎಣಿಸುತ್ತೇವೆ. ಅಂಕಿ ದೊಡ್ಡದಾದಷ್ಟೂ ಆಳ. ಜೀವಮಾನವೆಲ್ಲ ಹಾಗೇ ಬರೆದ ಕೈ, ಹಾಗೇ ಓದಿದ ಕಣ್ಣು. ಭೂಮಿಯ ಮೇಲಿನ ನಕ್ಷೆಯಲ್ಲಿ ಲೆಕ್ಕ ಸಮುದ್ರದಿಂದ ಮೇಲಕ್ಕೆ, ಅಂಕಿ ದೊಡ್ಡದಾದಷ್ಟೂ ಎತ್ತರ. ಇದು ಶಾಲೆಯ ಮಕ್ಕಳಿಗೂ ಗೊತ್ತು. ನಾನು ಎತ್ತರವನ್ನು ತಗ್ಗೆಂದು ಓದಿ, ಇಡೀ ಊರನ್ನು ಅರ್ಧ ದಿನ ದಿಣ್ಣೆ ಹತ್ತಿಸಿದ್ದೆ. ಮುಚ್ಚಿಡಲು ಹೋಗಲಿಲ್ಲ, ನಿಂತಲ್ಲೇ ಒಪ್ಪಿಕೊಂಡೆ. ಜೆಸಿಬಿ ಡ್ರೈವರು ಸೀಟಿನ ಮೇಲೆ ಬಿದ್ದು ಬಿದ್ದು ನಕ್ಕ. ‘ಗಣಿಯೋರ್ ಕೈಗೆ ಕೊಟ್ರೆ ಆಕಾಶನೂ ಕೆಳಗಡೆ ಉಡುಕ್ತಾರೆ’ ಅಂದ. ಅವನ ಅಪ್ಪನೂ ಗಣಿಯವನೇ, ಹಾಗಾಗಿ ಸಹಿಸಿಕೊಂಡೆ.

ಊಟ ಅರ್ಧಕ್ಕೇ ಬಿಟ್ಟು ಮೂಡಲಿಗೆ ಹೋದೆವು. ಮೂರನೇ ಸಲ ಬಕೆಟ್ಟು ಇಳಿದಾಗ ಠಣ್ ಎಂದು ಸದ್ದಾಯಿತು. ಮಣ್ಣು ಸರಿಸಿದರೆ ನಿಲ್ಲಿಸಿ ಹುಗಿದ ಕಲ್ಲು ಚಪ್ಪಡಿ. ಮೂರು ಮೊಳದಾಚೆ ಅದರ ಜೋಡಿ. ನಡುವೆ ನುಣ್ಣನೆಯ ಕಪ್ಪು ಮೆಕ್ಕಲು. ಹುಡುಗರು ಹೋ ಎಂದು ಕೂಗಿದರು. ಯಾರದೋ ಕೈ ಆ ಕಲ್ಲು ನಿಲ್ಲಿಸಿತ್ತು, ಇನ್ಯಾರದೋ ಕೈ ಅದನ್ನು ಕಂಡು ಹಾಳೆಯ ಮೇಲೆ ನೀಲಿ ಗೆರೆ ಹಾಕಿತ್ತು. ಆ ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ನನ್ನನ್ನಂತೂ ಕಂಡೇ ಇಲ್ಲ. ನಾನು ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟೆ. ಕಣ್ಣಲ್ಲಿ ನೀರು ಬಂದದ್ದನ್ನು ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಜೋಡಿ ಕಲ್ಲು ಹಿಡಿದು ಸಾಗಿದೆವು. ದಿಣ್ಣೆ ಬಳಸಿದ ಮೇಲೆ ಜೆಸಿಬಿ ತಟ್ಟನೆ ನಿಂತಿತು. ಮುಂದೆ ಅಕ್ಕನ ರಾಗಿ ಹೊಲ. ಪೈರು ಎದೆಮಟ್ಟ, ತೆನೆಗೆ ಹಾಲು ತುಂಬುತ್ತಿರುವ ಕಾಲ. ಕಲ್ಲಿನ ಸಾಲು ನೆಟ್ಟಗೆ ಅದರೊಳಕ್ಕೆ ಹೊಕ್ಕಿತ್ತು. ಹೊಲದಾಚೆಗೆ ಕೆರೆಯ ಬಾಯಿ. ಬಳಸಿಕೊಂಡು ಹೋಗೋಣವೆಂದರೆ ಒಂದು ಕಡೆ ಹಾಸುಬಂಡೆ, ಇನ್ನೊಂದು ಕಡೆ ಏರು.

‘ಬೆಳೆ ಐತಲ್ಲ ಅಮ್ಮಾ’ ಅಂದ ಡ್ರೈವರು. ವರ್ಷದ ಮುದ್ದೆ ಅದು. ಒಳಗೆ ಕಾಲುವೆ ಯಾವ ದಾರಿಯಲ್ಲಿದೆಯೋ ತಿಳಿಯದೆ ಅಗೆದರೆ ಹೊಲವೆಲ್ಲ ಹಾಳು. ನನ್ನ ಹಾಳೆಯಲ್ಲಿ ಆ ಜಾಗ ಬರೀ ಬಿಳಿ ಬಟ್ಟೆ.

ಅಕ್ಕ ಸೊಂಟದಿಂದ ಕುಡುಗೋಲು ತೆಗೆದಳು. ‘ತಡೀರಿ, ಮಣ್ಣುಪಾಲಾಗೋದ್ಯಾಕೆ, ಅಸ ಆದ್ರೂ ತಿನ್ಲಿ’ ಎಂದು ಹೊಲಕ್ಕೆ ಇಳಿದಳು. ಬಗ್ಗಿ ಹಸಿ ರಾಗಿ ಕೊಯ್ಯುತ್ತಾ ಹೋದಳು, ಮೂರು ಮೊಳ ಅಗಲ. ಸ್ವಲ್ಪ ದೂರ ನೇರ ಹೋದಳು. ಮೂಡಲಿಗೆ ಬಾಗಿದಳು. ಒಂದು ಬಂಡೆಯ ಹತ್ತಿರ ಅದನ್ನು ಬಳಸಿ, ಮತ್ತೆ ನೇರವಾದಳು. ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ, ಒಂದು ಹೆಜ್ಜೆ ಅನುಮಾನವಿಲ್ಲ. ಅವಳು ಕೊಯ್ಯುತ್ತಿದ್ದ ಸಾಲಿನ ರಾಗಿ ಅಕ್ಕಪಕ್ಕದ್ದಕ್ಕಿಂತ ಗೇಣು ಎತ್ತರ, ಕಡು ಹಸಿರು. ಹಿಂದೆಯೇ ಜೆಸಿಬಿ ಇಳಿಯಿತು. ಅವಳು ತಿರುಗಿದಲ್ಲೆಲ್ಲ ಕಲ್ಲೂ ತಿರುಗಿತ್ತು. ಒಂದೇ ಒಂದು ಬಕೆಟ್ಟು ಆಚೀಚೆ ಆಗಲಿಲ್ಲ.

ಊರವರು ಕಲ್ಲು ನೋಡುತ್ತಿದ್ದರು. ನಾನು ಅಕ್ಕನ ಬೆನ್ನು ನೋಡುತ್ತಿದ್ದೆ. ಅರ್ಥವಾಯಿತು.

ಕೆಲಸ ಮುಗಿಯುವ ಹೊತ್ತಿಗೆ ಹನಿ ಶುರುವಾಗಿತ್ತು. ಜನ ಚದುರಿದ ಮೇಲೆ ಹೊಂಗೆ ಮರದ ಕೆಳಗೆ ಅಕ್ಕನ ಜೊತೆ ಹಸಿ ರಾಗಿಯ ಕಂತೆ ಕಟ್ಟುತ್ತಾ ಕೇಳಿಯೇಬಿಟ್ಟೆ. ‘ನಿಂಗೆ ಗೊತ್ತಿತ್ತಾ ಅಕ್ಕಾ?’

ಅವಳು ಕಂತೆಯ ಗಂಟು ಬಿಗಿದಳು. ‘ಗೊತ್ತಿಲ್ದೆ ಏನ್ಲಾ. ನಿಮ್ ಭಾವಾನೇ ಉತ್ತಿದ್ದು. ನೀರೇ ಬರಲ್ಲ ಅಂದ್ಮೇಲೆ ಕಾಲ್ವೆ ಯಾತಕ್ಕೆ ಅಂತ ಒಂದ್ ಸಾಲು ಒತ್ತಿದ್ರು, ಆಮೇಲೆ ಇನ್ನೊಂದ್ ಸಾಲು. ಕಾಯೋರ್ ಮನೆ ನಮ್ದು. ಬೇಲೀನೇ ಎದ್ದು ಒಲ ಮೇದಂಗಾಯ್ತು. ಆ ಸಾಲಿನ್ ರಾಗೀನೇ ಚೆಂದಾಗ್ ಬರೋದು ಕಣ್ಲಾ. ವರ್ಸ ವರ್ಸ ಕುಯ್ವಾಗ ಎದೆ ಡವ ಡವ ಅನ್ನೋದು.’

‘ಮತ್ತೆ ಬೆಳಿಗ್ಗೆ?’

‘ಬೆಳಿಗ್ಗೆ ನೀನು ಆ ಕಡೆ ತಿರುಗ್ಸಿದ್ಯಲ್ಲ, ದೇವರೇ ಒಲ ಉಳಿಸ್ದ ಅಂತ ಬಾಯ್ ಮುಚ್ಕೊಂಡೆ. ಅವ್ರ ಮಾನನೂ ಉಳೀತು ಅಂದ್ಕೊಂಡೆ. ಅಡಿಕೆಗೋದ್ ಮಾನ ಆನೆ ಕೊಟ್ರೂ ಬರಲ್ಲ, ಅಲ್ವಾ. ಆಮೇಲೆ ಮುದ್ದೆ ತಿರುವ್ತಾ ಕೂತಿದ್ದೆ. ಮೋಡ ನೋಡ್ದೆ. ನೀರು ಬಾಗ್ಲಿಗ್ ಬಂದು ವಾಪಸ್ ಓಗ್ತದಲ್ಲಪ್ಪಾ, ನಾನೇ ಕಳಿಸ್ದಂಗಲ್ವಾ ಅನ್ನಿಸ್ತು. ಮುದ್ದೆ ಸೀದೋಯ್ತು.’ ಅಷ್ಟು ಹೇಳಿ ಕಂತೆ ತಲೆ ಮೇಲಿಟ್ಟುಕೊಂಡು ಮನೆ ಕಡೆ ನಡೆದಳು.

ಮಾರನೆಯ ಬೆಳಿಗ್ಗೆ ಕೋಡಿ ಹರಿಯಿತು. ಕಾಲುವೆಯಲ್ಲಿ ನೀರು ಬರುವುದನ್ನು ನಾನು ಅದೇ ಮೊದಲು ಕಂಡದ್ದು. ಅದು ನುಗ್ಗಿ ಬರುವುದಿಲ್ಲ. ನೊರೆ, ಒಣ ಎಲೆ, ಕಡ್ಡಿ, ಇರುವೆ ಎಲ್ಲವನ್ನೂ ಮುಂದಕ್ಕೆ ತಳ್ಳಿಕೊಂಡು, ಒಂದೊಂದು ಬಿರುಕಿಗೂ ನಿಂತು ಕುಡಿಸಿ, ಮತ್ತೆ ಹೊರಡುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ. ಅದರ ಮುಂದೆ ಮುಂದೆ ಅಕ್ಕ, ಕೈಯಲ್ಲಿ ಕೋಲು, ಕಸ ಎಳೆದು ಹಾಕುತ್ತಾ ‘ಬಾರಮ್ಮ, ಬಾ ತಾಯಿ, ಇಂಗ್ ಬಾ’ ಎಂದು ಕರೆಯುತ್ತಾ ನಡೆದಳು. ನೀರುಗಂಟಿ ನಡೆಯುವುದು ಹಾಗೇ ಅಂತೆ. ತನ್ನ ಹೊಲದೊಳಗೂ ಹಾಗೇ ಕರೆದುಕೊಂಡು ಹೋದಳು. ಅಕ್ಷರ ಬಾರದ ನನ್ನ ಅಕ್ಕನ ಹಿಂದೆ ನಾನು ಬಾಯಿ ಮುಚ್ಚಿಕೊಂಡು ನಡೆದೆ. ನೀರು ಕೆರೆಯ ಅಂಗಳಕ್ಕೆ ಬಿದ್ದಾಗ ಏರಿಯ ಮೇಲೆ ಕೂತುಬಿಟ್ಟೆ.

ಕೆರೆ ತುಂಬಿದ ಮೇಲೆ ಏರಿಯ ಮೇಲೆ ಗಂಗಮ್ಮನಿಗೆ ಪೂಜೆ ಇಟ್ಟುಕೊಂಡರು. ನನ್ನನ್ನೂ ಕರೆದರು. ಊರಿನ ಯಜಮಾನರು ನನಗೆ ಶಾಲು ಹೊದಿಸಿ, ‘ಅರ್ಧ ದಿನ ಗುಡ್ಡ ಅತ್ತಿಸಿದ್ರೂ ಕಡೆಗೆ ನೀರು ತಂದ್ಕೊಟ್ರು’ ಅಂದರು. ಎಲ್ಲರೂ ನಕ್ಕರು. ಆಮೇಲೆ ಅವರು ಸಹಜವಾಗಿಯೇ ಕೇಳಿದರು, ‘ಅಲ್ಲಾ, ರಾಗಿ ಒಲದೊಳಗೆ ಇಂಗಿಂಗೇ ತಿರುಗ್ತದೆ ಅಂತ ನಿಮ್ಮಕ್ಕಂಗೆ ಅಷ್ಟ್ ನಿಖರವಾಗಿ ಎಂಗೆ ಏಳ್ಕೊಟ್ರಿ? ಮ್ಯಾಪಲ್ಲಿ ತೋರ್ಸಿ ನೋಡಾಣ.’

ಹೆಂಗಸರ ಸಾಲಿನಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನ ಕಡೆ ತಿರುಗಿದಳು.

ಗಣಿಯಲ್ಲಿ ಒಂದು ಗೆರೆ ಸುಳ್ಳಾದರೆ ಕೆಳಗಿದ್ದವರ ಜೀವ ಹೋಗುತ್ತದೆ. ಇಲ್ಲದ್ದನ್ನು ಇದೆ ಎಂದು ನಾನು ಯಾವತ್ತೂ ತೋರಿಸಿದವನಲ್ಲ. ಹಾಳೆ ಬಿಡಿಸಿದೆ. ಬಿಳಿ ಬಟ್ಟೆಯ ಮೇಲೆ ಬೆರಳಿಟ್ಟು ಮೊದಲು ನೇರ, ಆಮೇಲೆ ಮೂಡಲಿಗೆ, ಬಂಡೆ ಬಳಸಿ ಮತ್ತೆ ನೇರ, ಅಕ್ಕ ಕೊಯ್ದ ಹಾಗೇ ತಿರುವಿಗೆ ತಿರುವು ಎಳೆದು, ‘ಇಲ್ಲೈತೆ ನೋಡಿ’ ಅಂದೆ. ಯಜಮಾನರು ಬಗ್ಗಿ ಕಣ್ಣು ಕಿರಿದು ಮಾಡಿದರು. ‘ಔದೌದು, ಕಾಣ್ತದೆ’ ಅಂದರು. ಹಿಂದಿದ್ದವರೂ ಇಣುಕಿ ಹೌದೆಂದರು.

ಅಕ್ಕ ಪಕ್ಕದವಳ ಕೈಗೆ ತಟ್ಟೆ ಕೊಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ‘ನೀರ್ ನೋಡಿ ಅಳ್ತಾವ್ಳೆ ಪಾಪ’ ಅಂದಳು ಆ ಹೆಂಗಸು.